ಒಂದೇ ಮನೆ, ಇಬ್ಬರು ಹೆಣ್ಣುಮಕ್ಕಳು, 12 ಎಕರೆ: ಬಾಗಲಕೋಟೆ ಜಿಲ್ಲೆಯ ಒಂದು ಪಾಲಿನ ಪ್ರಕರಣ

ಘಟಪ್ರಭಾ ದಂಡೆಯ ಒಂದು ಊರಲ್ಲಿ ನಡೆದ ಪ್ರಕರಣ ಇದು. ಊರಿನ ಹೆಸರು, ಮನೆತನದ ಗುರುತು ಬಿಟ್ಟಿದ್ದೇನೆ. ಇಸವಿ ಮತ್ತು ಎಕರೆ ಮಾತ್ರ ಇದ್ದದ್ದು ಇದ್ದ ಹಾಗೇ ಇವೆ, ಯಾಕಂದ್ರೆ ಇಡೀ ಪ್ರಕರಣ ನಿಂತಿರುವುದೇ ಅವುಗಳ ಮೇಲೆ. ಕಾನೂನು ಸೇವೆಗಳ ಸ್ವಯಂಸೇವಕಿಯಾಗಿ ನಾನು ಈ ಮನೆಯವರ ಕಾಗದಪತ್ರ ನೋಡಿದೆ, ಅವರ ಜೊತೆ ಕಚೇರಿಗಳಿಗೆ ಹೋದೆ. ಬರೆಯಲು ಒಪ್ಪಿಗೆ ಕೊಟ್ಟವರು ಅಕ್ಕ.

ಮಕ್ಕಳು ನಾಲ್ವರು. ಎಲ್ಲರಿಗಿಂತ ದೊಡ್ಡವರು ಅಣ್ಣ, ಆಮೇಲೆ ಅಕ್ಕ, ತಂಗಿ, ಕೊನೆಗೆ ತಮ್ಮ. ಹಾಗೇ ಕರೆಯುತ್ತೇನೆ. ಅಕ್ಕನ ಮದುವೆ 1991ರಲ್ಲಿ, ತಂಗಿಯದು 1997ರಲ್ಲಿ. ತಾಯಿ 1995ರಲ್ಲೇ ಹೋಗಿದ್ದರು. ತಂದೆ ತೀರಿಕೊಂಡದ್ದು 1999ರಲ್ಲಿ. ಮೃತ್ಯುಪತ್ರ ಬರೆದಿರಲಿಲ್ಲ. ಹೊಲ ಅಜ್ಜನ ಕಾಲದಿಂದ ಬಂದದ್ದು, ಒಟ್ಟು 12 ಎಕರೆ. ಅದರಲ್ಲಿ 5 ಎಕರೆಗೆ ಬೋರಿನ ನೀರಿದೆ, ಕಬ್ಬು ಬೆಳೆಯುತ್ತಾರೆ. ಉಳಿದದ್ದು ಎರೆ ಹೊಲ. ಜೋಳ, ಕಡಲೆ.

ತಂದೆ ಹೋದ ಮೇಲೆ ವಾರಸಾ ಆಯಿತು, ಅಂದರೆ ಹೊಲ ವಾರಸುದಾರರ ಹೆಸರಿಗೆ ಬದಲಾಯಿತು. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಎರಡು ಹೆಸರು ಬಂದವು, ಇಬ್ಬರು ಗಂಡುಮಕ್ಕಳದ್ದು. ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಅವರೂ ಕೇಳಲಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದರು, ಉಂಡಿ ಕಟ್ಟಿ ಕಳಿಸುತ್ತಿದ್ದರು, ಉಡಿ ತುಂಬುತ್ತಿದ್ದರು. ನಮ್ಮ ಕಡೆ ಬಹಳ ಮನೆಗಳ ಕತೆ ಇದೇ ಅಲ್ವಾ?

ಸಂವಿಧಾನ ಹೊಲದ ಬದುವಿಗೆ ಬಂದ ದಾರಿ

ಈ ಮನೆಯ ಜಗಳ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1950ರಲ್ಲಿ ಸಂವಿಧಾನ ಜಾರಿಗೆ ಬಂತು. 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತು. 15ನೇ ವಿಧಿ ಹೆಣ್ಣು ಗಂಡು ಅನ್ನುವ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದು ಅಂತು. ಆದರೆ ಆ ಸಮಾನತೆ ಮನೆಯ ಹೊಸ್ತಿಲ ಹೊರಗೇ ನಿಂತಿತು. 1951ರಲ್ಲಿ ಬಾಂಬೆ ಹೈಕೋರ್ಟ್ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ, ವೈಯಕ್ತಿಕ ಕಾನೂನನ್ನು, ಅಂದರೆ ಮದುವೆ, ಆಸ್ತಿಯಂಥ ಮನೆಯ ವಿಷಯಕ್ಕೆ ಆಯಾ ಧರ್ಮದವರಿಗೆ ಇರುವ ಕಾನೂನನ್ನು, ಮೂಲಭೂತ ಹಕ್ಕುಗಳ ಒರೆಗೆ ಹಚ್ಚಲು ಬರುವುದಿಲ್ಲ ಎಂದಿತು. ಆಗ ಬಾಗಲಕೋಟೆ ಬಿಜಾಪುರ ಜಿಲ್ಲೆಯೊಳಗಿತ್ತು, ಬಿಜಾಪುರ ಮುಂಬಯಿ ರಾಜ್ಯದೊಳಗಿತ್ತು. ಅಂದರೆ ಆ ಮಾತು ನಮ್ಮ ಊರುಗಳಿಗೂ ಅನ್ವಯಿಸಿತ್ತು. ಅದೇ ವರ್ಷ ಅಂಬೇಡ್ಕರ್ ಅವರು ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಹಕ್ಕು ಕೊಡಲು ಹೊರಟಿದ್ದ ಹಿಂದೂ ಕೋಡ್ ಬಿಲ್ ಮೂಲೆಗೆ ಬಿದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನೂ ವಾರಸುದಾರಳನ್ನಾಗಿ ಮಾಡಿತು. ತಂದೆ ಸ್ವಂತ ದುಡಿದು ಗಳಿಸಿದ ಆಸ್ತಿಯಾದರೆ, ಮೃತ್ಯುಪತ್ರ ಇಲ್ಲದಿದ್ದಾಗ ಮಗ ಮಗಳಿಗೆ ಸಮಪಾಲು ಆಗಿನಿಂದಲೇ ಇದೆ. ಇದು ಬಹಳ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ತೊಡಕು ಇದ್ದದ್ದು ಹಿರಿಯರಿಂದ ಬಂದ ಆಸ್ತಿಯಲ್ಲಿ. ಅಲ್ಲಿ ಗಂಡುಮಕ್ಕಳು ಹುಟ್ಟುತ್ತಲೇ ಪಾಲುದಾರರು. ಹೆಣ್ಣುಮಕ್ಕಳಿಗೆ ತಂದೆಯ ಪಾಲಿನಲ್ಲಿ ಒಂದು ತುಂಡು ಮಾತ್ರ.

1994ರಲ್ಲಿ ಕರ್ನಾಟಕ ಇದನ್ನು ತಿದ್ದಿತು. ಮಗಳೂ ಹುಟ್ಟಿನಿಂದ ಪಾಲುದಾರಳು ಎಂದಿತು. ಆದರೆ ಒಂದು ಷರತ್ತು ಇತ್ತು. ಆ ವರ್ಷ ಜುಲೈ 30ಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಸಿಗುವುದಿಲ್ಲ. 2005ರಲ್ಲಿ ಕೇಂದ್ರವೇ ಕಾಯ್ದೆ ತಿದ್ದಿ, ಮದುವೆಯ ಷರತ್ತು ತೆಗೆದುಹಾಕಿತು. ಸೆಪ್ಟೆಂಬರ್ 9ರಿಂದ ಅದು ಜಾರಿ. ಆಗ ಹೊಸ ಪ್ರಶ್ನೆ ಎದ್ದಿತು. ಅದಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ ಏನು ಗತಿ?

ಈ ಪ್ರಶ್ನೆಗೆ ಉತ್ತರ ಕೊಟ್ಟ ದೊಡ್ಡ ತೀರ್ಪೊಂದರ ಬೇರು ನಮ್ಮ ಪಕ್ಕದ ಬೆಳಗಾವಿಯಲ್ಲೇ ಇದೆ. 1992ರಲ್ಲಿ ಅಲ್ಲಿನ ಕೋರ್ಟಿನಲ್ಲಿ ಮಗಳೊಬ್ಬರು ಹಾಕಿದ ಪಾಲಿನ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರಲ್ಲಿ ಪ್ರಕಾಶ್ ವಿರುದ್ಧ ಫೂಲಾವತಿ ಎಂಬ ಹೆಸರಿನಲ್ಲಿ ತೀರ್ಪು ಬಂತು. 2005ರ ಸೆಪ್ಟೆಂಬರ್ 9ಕ್ಕೆ ತಂದೆ, ಮಗಳು ಇಬ್ಬರೂ ಬದುಕಿರಬೇಕು ಎಂದಿತು ಕೋರ್ಟ್. 2018ರಲ್ಲಿ, ಹೈಕೋರ್ಟಿನ ಕಲಬುರಗಿ ಪೀಠದಿಂದ ಹೋದ ಇನ್ನೊಂದು ಪ್ರಕರಣದಲ್ಲಿ, ಅದೇ ಸುಪ್ರೀಂ ಕೋರ್ಟ್ 2001ರಲ್ಲೇ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡಕ್ಕೂ ತಾಳೆಯಾಗಲಿಲ್ಲ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಬೇಕಾಗಿಲ್ಲ.

ಚೀಟಿಯ ಹಿಂದಿನ ಲೆಕ್ಕ

ಈ ಇಸವಿಗಳು ಒಂದು ಮನೆಗೆ ಏನು ಮಾಡುತ್ತವೆ ಎಂದು ಅಕ್ಕನಿಗೆ ತೋರಿಸಲು ನಾನು ಫ್ಯಾಕ್ಟರಿಯ ಕಬ್ಬಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದೆ. ಎಕರೆಗೆ 40 ಗುಂಟೆ.

1956ರ ಹಳೆಯ ಕಾನೂನು ಹಿಡಿದರೆ, ಮೊದಲು ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಮೂರು ಪಾಲು, ತಲಾ 4 ಎಕರೆ. ತಂದೆಯ 4 ಎಕರೆ ನಾಲ್ಕೂ ಮಕ್ಕಳಿಗೆ ತಲಾ ಒಂದೊಂದು. ಅಣ್ಣ ತಮ್ಮಂದಿರಿಗೆ 5 ಎಕರೆಯಂತೆ, ಅಕ್ಕ ತಂಗಿಯರಿಗೆ 1 ಎಕರೆಯಂತೆ.

1994ರ ರಾಜ್ಯದ ತಿದ್ದುಪಡಿ ಹಿಡಿದರೆ ತಂಗಿ ಒಳಗೆ ಬರುತ್ತಾರೆ, ಅವರ ಮದುವೆ ಆದದ್ದು 1997ರಲ್ಲಿ. ಅಕ್ಕ ಹೊರಗೇ ಉಳಿಯುತ್ತಾರೆ. ಈಗ ಪಾಲು ನಾಲ್ಕು, ತಲಾ 3 ಎಕರೆ. ತಂದೆಯ 3 ಎಕರೆಯನ್ನು ನಾಲ್ವರಿಗೆ ಹಂಚಿದರೆ ತಲಾ 30 ಗುಂಟೆ. ಅಣ್ಣ, ತಮ್ಮ, ತಂಗಿ ಮೂವರಿಗೂ 3 ಎಕರೆ 30 ಗುಂಟೆ. ಅಕ್ಕನಿಗೆ ಬರೀ 30 ಗುಂಟೆ.

ಇಲ್ಲಿ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. ‘ಮೊದಲು ಎಕರೆ ಬರತಿತ್ತು, ಸಮಾನತೆ ಬಂದ ಮ್ಯಾಲೆ ಕಡಿಮಿ ಆತಲ್ಲ?’ ಹೌದು. ಹೆಣ್ಣುಮಕ್ಕಳಿಗೆ ಅಂತ ಮಾಡಿದ ಒಂದು ತಿದ್ದುಪಡಿ ಇನ್ನೊಬ್ಬ ಹೆಣ್ಣುಮಗಳ ಪಾಲನ್ನು ತಗ್ಗಿಸಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ನಡುವೆ ಲಗ್ನದ ತಾರೀಖು ಗೋಡೆ ಕಟ್ಟಿತ್ತು.

2020ರ ತೀರ್ಪಿನ ಪ್ರಕಾರ ಲೆಕ್ಕ ಎರಡೇ ಸಾಲು. ನಾಲ್ವರು ಮಕ್ಕಳು, 12 ಎಕರೆ, ತಲಾ 3.

ಅಕ್ಕ 2016ರಲ್ಲೂ ಒಮ್ಮೆ ವಿಚಾರಿಸಿದ್ದರು. ಗಂಡ ತೀರಿಕೊಂಡು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುವ ಭಾರ ಮೈಮೇಲೆ ಬಿದ್ದಿದ್ದ ಕಾಲ. ವಕೀಲರು ಆಗಷ್ಟೇ ಬಂದಿದ್ದ ತೀರ್ಪು ತೋರಿಸಿ, 30 ಗುಂಟೆಗೆ ಕೋರ್ಟ್ ಹತ್ತುವುದು ಬೇಡ ಅಂದಿದ್ದರು. ಆ ದಿನಕ್ಕೆ ಅದು ಸರಿಯಾದ ಸಲಹೆಯೇ. ಅಕ್ಕ ಹೊಲಿಗೆ ಮಷಿನ್ನಿಗೆ ವಾಪಸು ಬಂದರು.

ಸಹಿ ಕೇಳಿದಾಗ

2021ರಲ್ಲಿ ಸುದ್ದಿ ಹಬ್ಬಿತು. ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಾದರೆ ತಗ್ಗಿನ ಹೊಲ ಮುಳುಗಡೆಗೆ ಹೋಗುತ್ತದೆ, ಪರಿಹಾರ ಬರುತ್ತದೆ, ಕಾಗದ ಸರಿ ಇಟ್ಟುಕೊಳ್ಳಿ ಅಂತ. ಅಣ್ಣ ಕೇಳಿದ ವಕೀಲರು ಅಕ್ಕ ತಂಗಿಯರಿಂದ ಹಕ್ಕು ಬಿಟ್ಟ ಪತ್ರ ಮಾಡಿಸಲು ಹೇಳಿದರು. ಪಂಚಮಿ ಮುಂದಿತ್ತು. ಕರೆಯಲು ಬಂದ ಅಣ್ಣನ ಚೀಲದಲ್ಲಿ ಆ ಸಲ ಬಾಂಡ್ ಪೇಪರ್ ಕೂಡ ಇತ್ತು.

ತಂಗಿ ಓದದೆ ಸಹಿ ಮಾಡಿದರು. ಅಕ್ಕ ಮಾಡಲಿಲ್ಲ. ‘ಹುಡುಗಿ ಬರಲಿ, ಓದಿಸಿ ಮಾಡ್ತೀನಿ’ ಅಂದರು. ಬಾಗಲಕೋಟೆಯಲ್ಲಿ ಡಿಗ್ರಿ ಓದುತ್ತಿದ್ದ ಮಗಳು ಬಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡಳು. ನನ್ನ ಮಟ್ಟಿಗೆ ಇಡೀ ಪ್ರಕರಣದ ಮೊದಲ ತಿರುವು ಈ ಫೋಟೊ. ಜಗಳ ಇಲ್ಲ, ಬೇಡ ಅಂದದ್ದೂ ಇಲ್ಲ. ಒಂದು ದಿನ ಮುಂದೆ ಹಾಕಿದ್ದು, ಒಂದು ನಕಲು ಇಟ್ಟುಕೊಂಡದ್ದು, ಅಷ್ಟೇ.

ಪತ್ರದಲ್ಲಿ ಎರಡು ಸಾಲು ಗಮನಿಸುವಂತಿದ್ದವು. ಒಂದು, ಮದುವೆಯಲ್ಲಿ ಬಂಗಾರ, ಬಟ್ಟೆ, ಹಣ ಕೊಟ್ಟಿರುವುದರಿಂದ ಇನ್ನು ಹಕ್ಕು ಉಳಿದಿಲ್ಲ ಎನ್ನುವುದು. ಮದುವೆ ಖರ್ಚಿನಿಂದ ಪಾಲು ತೀರುವುದಿಲ್ಲ. ಅಂದಹಾಗೆ ತಮ್ಮನ ಬಿ.ಎಡ್. ಫೀಯನ್ನು ಯಾರೂ ಅವರ ಪಾಲಿನಲ್ಲಿ ಹಿಡಿದಿರಲಿಲ್ಲ. ಇನ್ನೊಂದು ಸಾಲು, ತಲಾ 5 ಲಕ್ಷ ರೂಪಾಯಿ ಮುಟ್ಟಿದೆ ಎನ್ನುವುದು. ಯಾರಿಗೂ ಒಂದು ಪೈಸೆ ಮುಟ್ಟಿರಲಿಲ್ಲ. ಇದು ಮುಂದೆ ಬಹಳ ದೊಡ್ಡದಾಯಿತು.

ಮಾತು ಹಿರಿಯರ ಬಳಿ ಹೋಯಿತು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತರು. ಊರಂಚಿನ ಒಂದು ಎಕರೆ ಒಣ ಹೊಲವನ್ನು ಅಕ್ಕನಿಗೆ ಅರಿಷಿಣ ಕುಂಕುಮಕ್ಕೆ ಅಂತ ಕೊಡುವುದು, ಅಕ್ಕ ಉಳಿದದ್ದಕ್ಕೆ ಸಹಿ ಮಾಡುವುದು, ಇದು ಅವರ ತೀರ್ಮಾನ. ಹಿರಿಯರೊಬ್ಬರು ಕೇಳಿದರು: ‘ತವರ ಮನಿ ಬೇಕೋ, ಹೊಲ ಬೇಕೋ, ಒಂದು ಹೇಳವಾ.’ ಅಕ್ಕ ಅಂದರು: ‘ಇದನ್ನ ಅಣ್ಣಗೂ ಕೇಳ್ರಿ. ತಂಗಿ ಬೇಕೋ, ಹೊಲ ಬೇಕೋ ಅಂತ.’

ಕಟ್ಟೆಯ ಕೆಳಗೆ ಕೂತಿದ್ದ ಚಿಗವ್ವ, ಅಂದರೆ ತಾಯಿಯ ತಂಗಿ, ಆಗ ಬಾಯಿ ಬಿಟ್ಟರು. ಅವರ ತವರಿನ ಹೊಲ ಕೃಷ್ಣಾ ದಂಡೆಯಲ್ಲಿತ್ತು, ಮೊದಲ ಮುಳುಗಡೆಯಲ್ಲೇ ಹಿನ್ನೀರಿಗೆ ಹೋಗಿತ್ತು. ‘ಪರಿಹಾರದ ರೊಕ್ಕ ಬಂದಾಗ ನನಗ ಒಂದು ಇಳಕಲ್ ಸೀರಿ ಕೊಟ್ಟು ಕಳಿಸಿದ್ರು. ಸಹಿ ಯಾರೂ ಕೇಳಲಿಲ್ಲ. ಈಕಿದು ಕೇಳಾಕತ್ತೀರಿ ಅಂದ್ರ ಅದರಾಗ ಏನೋ ಐತಿ.’ ಕಾನೂನು ಓದದ ಆ ಮುದುಕಿ ಹೇಳಿದ ಮಾತು ನಾವು ಶಿಬಿರಗಳಲ್ಲಿ ಗಂಟೆಗಟ್ಟಲೆ ಹೇಳುವುದಕ್ಕಿಂತ ಚೊಕ್ಕ. ನಿಮ್ಮ ಸಹಿ ಕೇಳುತ್ತಿದ್ದಾರೆ ಅಂದರೆ ನಿಮ್ಮ ಹತ್ತಿರ ಬಿಟ್ಟುಕೊಡುವಂಥದ್ದು ಏನೋ ಇದೆ.

ಒಂದು ಎಕರೆ ದಾನಪತ್ರ ತೆಗೆದುಕೊಂಡು ಆಮೇಲೆ ಹೋರಾಡಬಹುದಲ್ಲ ಅಂತ ಅಕ್ಕನ ಮೈದುನ ಸಲಹೆ ಕೊಟ್ಟರು. ಆ ಒಂದು ಎಕರೆಯ ಜೊತೆಗೇ ಉಳಿದ ಹಕ್ಕು ಬಿಟ್ಟ ಕಾಗದವೂ ಬರುತ್ತಿತ್ತು. ಬಿಡಿಸಿ ಕೊಡಲು ಅಣ್ಣ ತಯಾರಿರಲಿಲ್ಲ. ಅಕ್ಕ ಎದ್ದು ಬಂದರು. ಆ ವರ್ಷ ಪಂಚಮಿಗೆ ಅವರು ತವರಲ್ಲಿ ಉಳಿಯಲಿಲ್ಲ.

ಕಚೇರಿ, ಆಮೇಲೆ ಕೋರ್ಟ್

ಮೊದಲು ಕಂದಾಯ ಕಚೇರಿಗೆ ತಕರಾರು ಅರ್ಜಿ ಕೊಟ್ಟೆವು. ಉತಾರದಲ್ಲಿ ಅಕ್ಕನ ಹೆಸರು ಸೇರಲಿ, ಪಾಲಿನ ಮಾತು ಆಮೇಲೆ ಅನ್ನುವ ಎಣಿಕೆ ನಮ್ಮದು. ತಿಂಗಳುಗಟ್ಟಲೆ ತಿರುಗಿದ ಮೇಲೆ ಬಂದ ಉತ್ತರ: ಹಕ್ಕಿನ ವ್ಯಾಜ್ಯ ಇದೆ, ಸಿವಿಲ್ ಕೋರ್ಟಿಗೆ ಹೋಗಿ. ನಿಯಮದ ಪ್ರಕಾರ ಅದು ತಪ್ಪಲ್ಲ. ಉತಾರದ ನೋಂದಣಿ ಕಂದಾಯದ ಲೆಕ್ಕಕ್ಕೆ, ಅದರಿಂದಲೇ ಮಾಲೀಕತ್ವ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಆದರೆ ಆ ಅಲೆದಾಟ ಸುಮ್ನೆ ಹೋಗಲಿಲ್ಲ. 1999ರ ವಾರಸಾ ಡೈರಿಯ ದೃಢೀಕೃತ ನಕಲು ಕೈಗೆ ಬಂತು. ಅದಕ್ಕೆ ಕೊಟ್ಟ ವರ್ದಿಯಲ್ಲಿ, ಅಂದರೆ ಹೆಸರು ಬದಲಿಸಲು ಕೊಟ್ಟ ಅರ್ಜಿಯಲ್ಲಿ, ‘ಮೃತರಿಗೆ ಇಬ್ಬರು ಮಕ್ಕಳು’ ಅಂತ ಬರೆದಿತ್ತು. ಹೆಣ್ಣುಮಕ್ಕಳು ಹಕ್ಕು ಬಿಟ್ಟರು ಅಂತಲ್ಲ, ಅವರು ಇದ್ದಾರೆ ಅನ್ನುವುದೇ ಅಲ್ಲಿ ಇರಲಿಲ್ಲ.

ಪಾಲಿನ ದಾವೆ ಹಾಕಿದರು. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಜಂಟಿ ಸ್ವಾಧೀನದಲ್ಲಿದ್ದೇವೆ ಎನ್ನುವ ಪಾಲಿನ ದಾವೆಗೆ ಕೋರ್ಟ್ ಫೀ ಕೂಡ ತೀರಾ ಕಡಿಮೆ. ಹೊಲ ಮಾರದಂತೆ ತಡೆಯಾಜ್ಞೆ ಸಿಕ್ಕಿತು. ಪಾಲುದಾರರೆಲ್ಲ ದಾವೆಯಲ್ಲಿ ಇರಲೇಬೇಕಾದ್ದರಿಂದ ತಂಗಿಯೂ ಮೂರನೇ ಪ್ರತಿವಾದಿ ಆದರು, ಅಣ್ಣ ತಮ್ಮಂದಿರ ಸಾಲಿನಲ್ಲಿ.

ಅಣ್ಣ ತಮ್ಮಂದಿರ ವಾದ ಹಗುರವಾಗಿರಲಿಲ್ಲ. 2003ರಲ್ಲೇ ತಮ್ಮಿಬ್ಬರ ನಡುವೆ ಬಾಯಿಮಾತಿನ ವಾಟ್ನಿ, ಅಂದರೆ ಪಾಲು ವಿಭಾಗ, ಆಗಿದೆ, ಉತಾರವೂ ಬೇರೆ ಬೇರೆ ಆಗಿದೆ ಅಂದರು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಾಟ್ನಿಯನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ವಾಟ್ನಿ ಅಂದರೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿ ಅಂತ ಕಾಯ್ದೆ ಹೇಳುತ್ತದೆ. ಆದರೆ ಸರ್ಕಾರಿ ದಾಖಲೆಗಳ ಬಲ ಇದ್ದರೆ ಅಪರೂಪಕ್ಕೆ ಬಾಯಿಮಾತಿನದನ್ನೂ ಒಪ್ಪಬಹುದು ಅಂತ 2020ರ ತೀರ್ಪಿನಲ್ಲೇ ಒಂದು ಕಿಂಡಿ ಇದೆ. 2003ರ ಉತಾರ ಆ ಕಿಂಡಿಯಲ್ಲಿ ತೂರುತ್ತದೋ ಇಲ್ಲವೋ, ನಮ್ಮ ವಕೀಲರಿಗೂ ಖಾತ್ರಿ ಇರಲಿಲ್ಲ. ಸೋತವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವುದಂತೂ ಖಚಿತ ಇತ್ತು.

ಬಿಗಿ ಸಡಿಲಿಸಿದವರು ತಂಗಿ. ಅಣ್ಣ ತಮ್ಮಂದಿರು ಕೋರ್ಟಿಗೆ ಕೊಟ್ಟ ಕಾಗದಗಳಲ್ಲಿ ತಂಗಿಯ ಬಾಂಡ್ ಪೇಪರೂ ಇತ್ತು. ಅಕ್ಕನ ಮಗಳು ಅದನ್ನು ಚಿಕ್ಕಮ್ಮನಿಗೆ ಫೋನಿನಲ್ಲಿ ಓದಿ ಹೇಳಿದಳು. 5 ಲಕ್ಷ ಮುಟ್ಟಿದೆ ಅನ್ನುವ ಸಾಲಿಗೆ ಬಂದಾಗ ಆ ಕಡೆಯಿಂದ ಬಂದ ಮಾತು: ‘ಬ್ಯಾಡ ಅಂದಾಕಿ ನಾನ. ರೊಕ್ಕ ತಗೊಂಡಾಕಿ ಅಂತ ಬರದಾರೇನು?’ ತಂಗಿಗೆ ಹೊಲ ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಇದಕ್ಕೆ. ಪ್ರೀತಿಯಿಂದ ಬಿಟ್ಟದ್ದನ್ನು ದುಡ್ಡಿಗೆ ಮಾರಿದಂತೆ ತೋರಿಸಿದ್ದರು. ಮೇಲಾಗಿ ಆ ಪತ್ರ ಬರೀ ನೋಟರಿ ಆಗಿತ್ತು. ಸ್ಥಿರಾಸ್ತಿಯ ಹಕ್ಕು ಬಿಡಲು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅಂದರೆ ತಂಗಿಯ ಹಕ್ಕು ಇನ್ನೂ ಅವರ ಕೈಯಲ್ಲೇ ಇತ್ತು.

ಮುಂದಿನ ತಾರೀಖಿಗೆ ತಂಗಿ ಟ್ರಂಕಿನಿಂದ ತಮ್ಮ ಲಗ್ನಪತ್ರಿಕೆ ತಂದರು. ಅಂಚು ಹರಿದಿತ್ತು, ಅರಿಷಿಣದ ಕಲೆ ಹಾಗೇ ಇತ್ತು. 1997ರ ಮೇ ತಿಂಗಳು. ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಅಂತ ಅಣ್ಣ ತಮ್ಮಂದಿರ ಹೆಸರು. ಆ ತಾರೀಖು ಅವರ 2003ರ ವಾದಕ್ಕೇ ಪೆಟ್ಟು ಕೊಟ್ಟಿತು. 1994ರ ತಿದ್ದುಪಡಿ ಪ್ರಕಾರ ತಂಗಿ ಆಗಲೇ ಪಾಲುದಾರಳು. ಅವಳನ್ನು ಬಿಟ್ಟು ಮಾಡಿದ ವಾಟ್ನಿ 2005ರ ಕಾನೂನು ಇಲ್ಲದೆಯೂ ನಿಲ್ಲುವುದು ಕಷ್ಟ. ಅಕ್ಕನನ್ನು ಹೊರಗಿಟ್ಟಿದ್ದ ಅದೇ ಷರತ್ತು ಈಗ ಅಕ್ಕನ ಕೈ ಹಿಡಿಯಿತು. ಅಣ್ಣನ ವಕೀಲರೇ ರಾಜಿ ಮಾತು ಎತ್ತಿದರು.

ರಾಜಿ ಮತ್ತು ರಾಜಿಯಲ್ಲಿ ಬಿಟ್ಟುಹೋದದ್ದು

ಮಧ್ಯಸ್ಥಿಕೆಯಲ್ಲಿ ಮೊದಲು ಬಂದದ್ದು ದುಡ್ಡಿನ ಮಾತು. ಒಂದಿಷ್ಟು ಲಕ್ಷ ತಗೊಂಡು ಬಿಡವಾ ಅಂತ. ಅಕ್ಕ ಒಪ್ಪಲಿಲ್ಲ. ಹೆಸರು ಉತಾರದಲ್ಲಿ ಇದ್ದರೆ ನಾಳೆ ಮುಳುಗಡೆಯ ನೋಟಿಸು ಬಂದರೂ ಅದು ನನ್ನ ಮನೆಗೇ ಬರುತ್ತದೆ ಅನ್ನುವುದು ಅವರ ಲೆಕ್ಕ. ಇದು ಸರಿಯಾದ ಲೆಕ್ಕ ಅಂತ ನನಗೂ ಅನಿಸುತ್ತದೆ. ರೊಕ್ಕ ಮಗಳ ಫೀಗೆ, ಆಸ್ಪತ್ರೆಗೆ ಕರಗುತ್ತದೆ. ಹೊಲದ ಮೇಲೆ ಹೆಸರಿದ್ದವರನ್ನು ಬ್ಯಾಂಕು, ಸೊಸೈಟಿ, ಫ್ಯಾಕ್ಟರಿ ಎಲ್ಲರೂ ಕೇಳಿಯೇ ಮುಂದೆ ಹೋಗಬೇಕು.

2023ರ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಅಕ್ಕನಿಗೆ ಪೂರ್ತಿ 3 ಎಕರೆ, ಅದರಲ್ಲಿ 1 ಎಕರೆ ನೀರಾವರಿ. ವಾರಕ್ಕೆ ಎರಡು ದಿನ ಬೋರಿನ ನೀರು ಅಂತಲೂ ಬರೆಸಿದರು. ತಂಗಿ ಸ್ವಂತ ಪಾಲಿನಲ್ಲಿ 1 ಎಕರೆ ಮಾತ್ರ ಇಟ್ಟುಕೊಂಡರು. 3 ಎಕರೆ ಕೇಳಿ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ‘ಹೆಸರು ಇರಲಿ, ಸಾಕು’ ಅಂದರು. ಅಣ್ಣ ತಮ್ಮಂದಿರಿಗೆ ತಲಾ 4 ಎಕರೆ. ಕಾನೂನಿನ ಪ್ರಕಾರ ಅತಿ ಗಟ್ಟಿ ಹಕ್ಕಿದ್ದ ತಂಗಿಗೆ ಸಿಕ್ಕದ್ದು ಎಲ್ಲರಿಗಿಂತ ಕಡಿಮೆ. ಅತಿ ದುರ್ಬಲ ಹಕ್ಕಿನಿಂದ ಶುರು ಮಾಡಿದ ಅಕ್ಕನಿಗೆ ಸಮಪಾಲು. ಹಕ್ಕು ಎಷ್ಟು ಗಟ್ಟಿ ಅನ್ನುವುದಕ್ಕಿಂತ ಕೇಳಿದ್ದು ಯಾರು ಅನ್ನುವುದೇ ಇಲ್ಲಿ ಪಾಲನ್ನು ತೀರ್ಮಾನಿಸಿತು.

ಅದಾಲತ್ತಿನ ಆದೇಶಕ್ಕೆ ಡಿಕ್ರಿಯ ಬಲ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಅಲ್ಲಿ ಬರೆಸುವಾಗ ಪ್ರತಿ ಸಾಲೂ ನೋಡಬೇಕು. ನೀರು ಬರೆಸಿದ್ದರು, ದಾರಿ ಬರೆಸಿರಲಿಲ್ಲ. ಸರ್ವೇ ಆಗಿ ಕಲ್ಲು ನೆಟ್ಟ ಮೇಲೆ ಗೊತ್ತಾಯಿತು, ಅಕ್ಕನ ಎರೆ ಹೊಲಕ್ಕೆ ಬಂಡಿ ಹೋಗಬೇಕಾದರೆ ತಮ್ಮನ ಕಬ್ಬಿನ ನಡುವೆಯೇ ಹಾಯಬೇಕು. ಅದಕ್ಕೆ ಮತ್ತೊಂದು ಸುತ್ತು ಮಾತುಕತೆ ಆಗಿ, ಬದುವಿನ ಗುಂಟ ಎಂಟು ಅಡಿ ದಾರಿ ಬಿಡಿಸಿ ಬೇರೆ ಕಾಗದ ಮಾಡಿಸಿದ್ದಾಯಿತು. ಪಾಲು ಕೇಳುವವರು ಎಕರೆಯ ಜೊತೆ ನೀರು, ದಾರಿ, ಕರೆಂಟಿನ ಮೀಟರ್ ಮೂರನ್ನೂ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

ಈಗ ಅಕ್ಕ ತಮ್ಮ ಹೊಲವನ್ನು ಅಣ್ಣನ ಮಗನಿಗೇ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದಾರೆ. ಯುಗಾದಿಗೆ ಮುಂಚೆ ಲಾವಣಿಯ ರೊಕ್ಕ ತಂದು ಕೊಡುತ್ತಾನೆ. ಪಂಚಮಿಗೆ ಕರೆಯಲು ಬರುವವನೂ ಅವನೇ, ಅಣ್ಣ ಇನ್ನೂ ಬಂದಿಲ್ಲ. ತಂಗಿಯ ಹೆಸರಿಗೂ ಉತಾರ ಬಂದಿದೆ. ಆ ಒಂದು ಎಕರೆ ಉಳುತ್ತಿರುವುದು ತಮ್ಮ. ಎರಡು ಹಂಗಾಮು ಮುಗಿದರೂ ಲಾವಣಿ ಕೊಟ್ಟಿಲ್ಲ, ತಂಗಿಯೂ ಕೇಳಿಲ್ಲ. ಲಾವಣಿಯ ಕರಾರು ಬರೆದು ತಂಗಿಗೆ ಕಳಿಸಿದ್ದೇನೆ. ಸಹಿ ಆಗಿ ವಾಪಸು ಬರಬೇಕು.